ಆಟಗಾರನ ಬೆಲೆ: ಕಾಲ್ಚೆಂಡಾಟದಲ್ಲಿ ವರ್ಗಾವಣೆ ಶುಲ್ಕದ ಚರಿತ್ರೆ

೧

ಕ್ರಿ. ಶ. ೧೯೦೫ನೆಯ ಇಸವಿಯ ಫೆಬ್ರುವರಿ ತಿಂಗಳಿನಲ್ಲಿ, ಇಂಗ್ಲೆಂಡಿನ ಈಶಾನ್ಯ ಭಾಗದ ಮಿಡಲ್ಸ್‌ಬರೋ ಎಂಬ ಉಕ್ಕಿನ ಪಟ್ಟಣದ ಕಾಲ್ಚೆಂಡು ಕ್ಲಬ್ಬು ತನ್ನ ನೆರೆಯ ಸಂಡರ್‌ಲೆಂಡ್ ಕ್ಲಬ್ಬಿಗೆ ೧,೦೦೦ ಪೌಂಡುಗಳನ್ನು ತೆತ್ತು ಆಲ್ಫ್ ಕಾಮನ್ ಎಂಬ ಆಟಗಾರನನ್ನು ತನ್ನ ತಂಡಕ್ಕೆ ಸೇರಿಸಿಕೊಂಡಿತು. ಮಿಡಲ್ಸ್‌ಬರೋ ಆಗ ಪ್ರಥಮ ವಿಭಾಗದಿಂದ ಕೆಳಗಿಳಿಯುವ ಭೀತಿಯಲ್ಲಿತ್ತು. ಪರಸ್ಥಳದಲ್ಲಿ ಒಂದು ಪಂದ್ಯವನ್ನು ಗೆದ್ದು ಅದಕ್ಕೆ ಹತ್ತಿರ ಹತ್ತಿರ ಎರಡು ವರ್ಷಗಳಾಗಿದ್ದವು. ಕಾಮನ್ ತನ್ನ ಮೊದಲ ಪಂದ್ಯದಲ್ಲಿಯೇ, ಷೆಫೀಲ್ಡಿನಲ್ಲಿ, ಗೆಲುವಿನ ಗೋಲನ್ನು ಹೊಡೆದನು. ತಂಡವು ಪ್ರಥಮ ವಿಭಾಗದಲ್ಲಿಯೇ ಉಳಿದುಕೊಂಡಿತು. ಕೊಟ್ಟ ಹಣ ಬಡ್ಡಿಸಹಿತ ಹಿಂದಿರುಗಿತೆಂದು ಕ್ಲಬ್ಬಿನವರು ಭಾವಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ದೇಶದ ಪತ್ರಿಕೆಗಳಲ್ಲಿ ದೊಡ್ಡ ಕೋಲಾಹಲವೆದ್ದಿತು. ಮನುಷ್ಯನನ್ನು ಹಣಕ್ಕೆ ಕೊಳ್ಳುವ ಪದ್ಧತಿ ಮತ್ತೆ ಬಂದಿತೇ ಎಂದು ಕೇಳಿದವರಿದ್ದರು. ಆಟದ ಶುದ್ಧಿ ಕೆಟ್ಟಿತೆಂದು ಮರುಗಿದವರಿದ್ದರು.

೨೦೧೭ನೆಯ ಆಗಸ್ಟ್ ತಿಂಗಳಿನಲ್ಲಿ ಪ್ಯಾರಿಸ್ಸಿನ ಸೇಂಟ್ ಜರ್ಮನ್ ಕ್ಲಬ್ಬು ಬ್ರೆಜಿಲ್ ದೇಶದ ನೇಮಾರನನ್ನು ಬಾರ್ಸಿಲೋನಾದಿಂದ ಬಿಡಿಸಿಕೊಳ್ಳಲು ೨೨ ಕೋಟಿ ೨೦ ಲಕ್ಷ ಯೂರೋಗಳನ್ನು ತೆತ್ತಿತು. ಆಗಲೂ ಪತ್ರಿಕೆಗಳು ಹೆಚ್ಚು ಕಡಿಮೆ ಅದೇ ಪ್ರಶ್ನೆಯನ್ನು ಕೇಳಿದವು. ನೂರ ಹನ್ನೆರಡು ವರ್ಷಗಳಲ್ಲಿ ಹಣ ಬದಲಾಯಿತು, ಗಾಬರಿ ಬದಲಾಗಲಿಲ್ಲ.

ಈ ಮೊತ್ತಗಳನ್ನು ಒಂದರ ಕೆಳಗೊಂದು ಬರೆದು ಬೆರಗಾಗುವುದು ಸುಲಭ. ಹಣದ ಬೆಲೆ ಇಳಿದಿರುವುದನ್ನು ಲೆಕ್ಕಕ್ಕೆ ಹಿಡಿದರೆ ೧೯೦೫ರ ಸಾವಿರ ಪೌಂಡು ಇಂದಿನ ಒಂದು ಲಕ್ಷದಿಂದ ಒಂದೂವರೆ ಲಕ್ಷ ಪೌಂಡಿನಷ್ಟಾದೀತು. ೨೦೨೫ರ ಸೆಪ್ಟೆಂಬರಿನಲ್ಲಿ ಲಿವರ್‌ಪೂಲ್ ಕ್ಲಬ್ಬು ಅಲೆಕ್ಸಾಂಡರ್ ಇಸಾಕನಿಗಾಗಿ ನ್ಯೂಕಾಸಲ್ಲಿಗೆ ಕೊಟ್ಟದ್ದು ೧೨ ಕೋಟಿ ೫೦ ಲಕ್ಷ ಪೌಂಡು. ಆದುದರಿಂದ ಬೆಲೆಯೇರಿಕೆಯೊಂದರಿಂದಲೇ ಈ ವೃದ್ಧಿಯನ್ನು ವಿವರಿಸಲಾಗದು. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದುಂಟು: ಇಲ್ಲಿ ಮಾರಾಟವಾಗುತ್ತಿರುವ ವಸ್ತು ಯಾವುದು?

ಬ್ಯಾಂಕಿನ ನೌಕರಿಯಲ್ಲಿರುವವನಿಗೆ ವರ್ಗಾವಣೆಯೆಂಬ ಮಾತು ಚಿರಪರಿಚಿತ. ಈ ಪತ್ರಿಕೆಯ ವಾಚಕರಲ್ಲಿಯೂ ಎಷ್ಟೋ ಮಂದಿ ಆ ಮಾತಿನ ದೆಸೆಯಿಂದಲೇ ಊರು ಬಿಟ್ಟು ಬಂದವರು. ಆದರೆ ನಮ್ಮಲ್ಲಿ ಒಬ್ಬನು ಒಂದು ಬ್ಯಾಂಕನ್ನು ಬಿಟ್ಟು ಇನ್ನೊಂದನ್ನು ಸೇರಿದರೆ, ಹೊಸ ಧಣಿಯು ಹಳೆಯ ಧಣಿಗೆ ಬೆಲೆ ತೆರುವ ರೂಢಿಯಿಲ್ಲ. ಕಾಲ್ಚೆಂಡಾಟದಲ್ಲಿ ತೆರಬೇಕಾಗುತ್ತದೆ. ಈ ವ್ಯತ್ಯಾಸ ಹೇಗೆ ಹುಟ್ಟಿತು, ನ್ಯಾಯಾಲಯಗಳು ಅದನ್ನು ಹೇಗೆ ಕಂಡವು, ಕಾನೂನಿನ ಹಿಡಿತ ಸಡಿಲವಾದಷ್ಟೂ ಬೆಲೆ ಏರಿದ್ದೇಕೆ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಇಂಗ್ಲೆಂಡಿನ ಕಾಲ್ಚೆಂಡಾಟದ ಆಡಳಿತ ಸಂಸ್ಥೆಯು ೧೮೮೫ರಲ್ಲಿ ಹಣ ಪಡೆದು ಆಡುವುದಕ್ಕೆ ಸಮ್ಮತಿಯಿತ್ತಿತು. ಅದುವರೆಗೆ ಉತ್ತರದ ಗಿರಣಿ ಪಟ್ಟಣಗಳ ಕ್ಲಬ್ಬುಗಳು ಗುಟ್ಟಾಗಿ ಕೊಡುತ್ತಿದ್ದ ಹಣ ಅಂದಿನಿಂದ ಬಹಿರಂಗವಾಯಿತು. ಅದರೊಡನೆ ಒಂದು ನಿಬಂಧನೆಯೂ ಬಂದಿತು: ವೃತ್ತಿ ಆಟಗಾರನ ಹೆಸರು ಪ್ರತಿವರ್ಷ ಒಂದು ಕ್ಲಬ್ಬಿನ ಪರವಾಗಿ ನೋಂದಣಿಯಾಗಬೇಕು. ಈ ನೋಂದಣಿಯೆಂಬ ಸಣ್ಣ ಕಾಗದವೇ ಮುಂದಿನ ದೊಡ್ಡ ಚರಿತ್ರೆಯ ಬೀಜ.

೧೮೮೮ರಲ್ಲಿ ಹನ್ನೆರಡು ಕ್ಲಬ್ಬುಗಳು ಕೂಡಿ ಫುಟ್‌ಬಾಲ್ ಲೀಗನ್ನು ಸ್ಥಾಪಿಸಿದವು. ಶ್ರೀಮಂತ ಕ್ಲಬ್ಬುಗಳು ಬಡ ಕ್ಲಬ್ಬುಗಳ ಆಟಗಾರರನ್ನು ವರ್ಷಕ್ಕೊಮ್ಮೆ ಸೆಳೆದುಕೊಂಡು ಹೋದರೆ ಪಂದ್ಯದ ಸ್ವಾರಸ್ಯವೇ ಕೆಡುವುದೆಂಬ ಭಯ ಅವಕ್ಕಿತ್ತು; ಆ ಭಯ ನಿರಾಧಾರವಾದುದೆಂದು ಹೇಳಲಾಗದು. ಅದಕ್ಕಾಗಿ ೧೮೯೩ರಲ್ಲಿ ಲೀಗು ಒಂದು ನಿಯಮವನ್ನು ಮಾಡಿತು. ಒಮ್ಮೆ ಒಂದು ಕ್ಲಬ್ಬಿನಲ್ಲಿ ನೋಂದಣಿಯಾದವನು ಆ ಕ್ಲಬ್ಬಿನ ಒಪ್ಪಿಗೆಯಿಲ್ಲದೆ ಲೀಗಿನ ಇನ್ನಾವ ಕ್ಲಬ್ಬಿನಲ್ಲಿಯೂ ನೋಂದಣಿಯಾಗಕೂಡದು. ಅವನ ಕರಾರು ಒಂದು ವರ್ಷದ್ದು. ವರ್ಷ ಮುಗಿದರೆ ಸಂಬಳ ನಿಲ್ಲಬಹುದು. ಆದರೆ ನೋಂದಣಿ ನಿಲ್ಲುವುದಿಲ್ಲ. ಕ್ಲಬ್ಬು ಬಯಸಿದರೆ ಅವನನ್ನು ಇಟ್ಟುಕೊಳ್ಳಬಹುದು, ಬಯಸಿದ ಬೆಲೆಗೆ ಬಿಟ್ಟುಕೊಡಬಹುದು. ಇದನ್ನೇ ‘ಇಟ್ಟುಕೊಳ್ಳುವ ಮತ್ತು ವರ್ಗಾಯಿಸುವ ಪದ್ಧತಿ’ ಎಂದು ಕರೆದರು.

ಇಲ್ಲಿ ನಮ್ಮ ನಾಡಿನ ಒಂದು ಹೋಲಿಕೆ ನೆನಪಿಗೆ ಬರುತ್ತದೆ. ದಕ್ಷಿಣ ಕನ್ನಡದ ಜಮೀನುಗಳಲ್ಲಿ ಹಿಂದೆ ಎರಡು ಬಗೆಯ ಗೇಣಿಗಳಿದ್ದವು. ಮೂಲಗೇಣಿಯು ಶಾಶ್ವತವಾದುದು, ಗೇಣಿಯ ಮೊತ್ತವೂ ಸ್ಥಿರ, ಅನುಭೋಗವೂ ಸ್ಥಿರ, ಅದು ವಂಶಪಾರಂಪರ್ಯವಾಗಿ ನಡೆಯುವುದು. ಚಾಲಗೇಣಿಯು ಅವಧಿಯದು, ಅವಧಿ ಮುಗಿದರೆ ಹಕ್ಕು ಮುಗಿಯಿತು, ಮುಂದುವರಿಸಬೇಕಾದರೆ ಹೊಸ ಮೊತ್ತವನ್ನು ಗೊತ್ತುಮಾಡಬೇಕು. ೧೮೯೩ರ ನಿಯಮವು ಕ್ಲಬ್ಬುಗಳಿಗೆ ಆಟಗಾರನ ದುಡಿಮೆಯ ಮೇಲೆ ಮೂಲಗೇಣಿಯ ಹಕ್ಕನ್ನು ಕೊಟ್ಟಂತಾಯಿತು. ವರ್ಗಾವಣೆ ಶುಲ್ಕವೆಂದರೆ ಈ ಹಕ್ಕನ್ನು ಒಬ್ಬ ಗೇಣಿದಾರನಿಂದ ಇನ್ನೊಬ್ಬನು ಕೊಳ್ಳುವ ಬೆಲೆ. ಭೂಮಿಯ ಸ್ಥಾನದಲ್ಲಿದ್ದದ್ದು ಮಾತ್ರ ಮನುಷ್ಯನೊಬ್ಬನ ಎರಡು ಕಾಲುಗಳು.

೩

ಮೂಲಗೇಣಿಯಲ್ಲಿ ಗೇಣಿಯ ಮೊತ್ತ ಸ್ಥಿರವೆಂದೆನಷ್ಟೆ. ಆಟಗಾರನ ಸಂಬಳಕ್ಕೂ ಅದೇ ಗತಿಯಾಯಿತು. ೧೯೦೧ರಲ್ಲಿ ಇಂಗ್ಲೆಂಡಿನ ಆಟಗಾರನ ವೇತನಕ್ಕೆ ವಾರಕ್ಕೆ ೪ ಪೌಂಡಿನ ಗರಿಷ್ಠ ಮಿತಿಯನ್ನು ವಿಧಿಸಿದರು. ಈ ಮಿತಿ ಕಾಲಕಾಲಕ್ಕೆ ಸ್ವಲ್ಪ ಸ್ವಲ್ಪ ಏರಿತಾದರೂ, ೧೯೬೧ರ ವರೆಗೆ ಒಂದಲ್ಲ ಒಂದು ರೂಪದಲ್ಲಿ ಉಳಿದು ಬಂದಿತು.

ಕಾಮನ್ನನ ವರ್ಗಾವಣೆಯ ಗದ್ದಲದ ತರುವಾಯ ಆಡಳಿತ ಸಂಸ್ಥೆಯು ಶುಲ್ಕಕ್ಕೂ ಮಿತಿ ಹಾಕಲು ಹೊರಟಿತು. ೧೯೦೮ರ ಜನವರಿಯಿಂದ ಯಾವ ಕ್ಲಬ್ಬೂ ಒಬ್ಬ ಆಟಗಾರನಿಗೆ ೩೫೦ ಪೌಂಡಿಗಿಂತ ಹೆಚ್ಚು ಕೊಡಕೂಡದೆಂದು ನಿಯಮವಾಯಿತು. ಆದರೆ ಬೇಕಾದವನ ಜೊತೆಗೆ ಬೇಡವಾದ ಒಬ್ಬಿಬ್ಬರನ್ನೂ ಕೊಂಡಂತೆ ಮಾಡಿ ಅದೇ ಹಣವನ್ನು ಸಾಗಿಸುವುದಕ್ಕೆ ದಾರಿಯಿತ್ತು. ಕೆಲವೇ ತಿಂಗಳುಗಳಲ್ಲಿ ಆ ನಿಯಮವನ್ನು ಹಿಂತೆಗೆದುಕೊಂಡರು.

ಈ ಎರಡು ಸಂಗತಿಗಳನ್ನು ವಾಚಕರು ಜೊತೆಯಲ್ಲಿಟ್ಟು ನೋಡಬೇಕು. ಆಟಗಾರನಿಗೆ ಸಲ್ಲುವ ಹಣದ ಮಿತಿ ಅರವತ್ತು ವರ್ಷ ನಿಂತಿತು. ಆಟಗಾರನ ಹೆಸರಿನಲ್ಲಿ ಕ್ಲಬ್ಬುಗಳಿಗೆ ಸಲ್ಲುವ ಹಣದ ಮಿತಿ ಆರು ತಿಂಗಳೂ ನಿಲ್ಲಲಿಲ್ಲ. ವರ್ಗಾವಣೆ ಶುಲ್ಕದ ಪೂರ್ವಾರ್ಧದ ಚರಿತ್ರೆಯೆಲ್ಲ ಈ ಒಂದು ವೈಷಮ್ಯದಲ್ಲಿ ಅಡಗಿದೆ.

ಅದನ್ನು ಅಳೆಯಲು ಸರಳವಾದ ಒಂದು ಮಾನವನ್ನು ಬಳಸೋಣ: ಒಬ್ಬ ಆಟಗಾರನಿಗಾಗಿ ಕೊಟ್ಟ ಶುಲ್ಕವು ಅಂದಿನ ಗರಿಷ್ಠ ವೇತನದ ಎಷ್ಟು ವರ್ಷಗಳ ಮೊತ್ತಕ್ಕೆ ಸಮ? ಕಾಮನ್ನನ ಸಾವಿರ ಪೌಂಡು, ವಾರಕ್ಕೆ ೪ ಪೌಂಡಿನಂತೆ, ೨೫೦ ವಾರಗಳ, ಎಂದರೆ ಐದು ವರ್ಷಕ್ಕೆ ತುಸು ಕಡಿಮೆ ಅವಧಿಯ ಸಂಬಳ. ೧೯೨೮ರಲ್ಲಿ ಲಂಡನ್ನಿನ ಆರ್ಸೆನಲ್ ಕ್ಲಬ್ಬು ಬೋಲ್ಟನ್ನಿನಿಂದ ಡೇವಿಡ್ ಜ್ಯಾಕನನ್ನು ಕೊಂಡಾಗ ಶುಲ್ಕವು ಪ್ರಥಮ ಬಾರಿಗೆ ೧೦,೦೦೦ ಪೌಂಡನ್ನು ದಾಟಿತು. ಆಗಿನ ಗರಿಷ್ಠ ವೇತನ ವಾರಕ್ಕೆ ೮ ಪೌಂಡು. ಹತ್ತು ಸಾವಿರವೆಂದರೆ ೧,೨೫೦ ವಾರಗಳು, ಇಪ್ಪತ್ತನಾಲ್ಕು ವರ್ಷಗಳ ಸಂಬಳ. ಯಾವ ಆಟಗಾರನ ಕಾಲುಗಳೂ ಅಷ್ಟು ಕಾಲ ಓಡಲಾರವು.

ಈ ಜ್ಯಾಕನ ವ್ಯವಹಾರದ ಬಗೆಗೆ ಒಂದು ಸ್ವಾರಸ್ಯದ ಕಥೆಯಿದೆ. ಆರ್ಸೆನಲ್ಲಿನ ವ್ಯವಸ್ಥಾಪಕ ಹರ್ಬರ್ಟ್ ಚಾಪ್‌ಮನ್ನನು ಬೋಲ್ಟನ್ನಿನವರನ್ನು ಹೋಟೆಲಿಗೆ ಬರಮಾಡಿಕೊಂಡನಂತೆ. ಅತಿಥಿಗಳಿಗೆ ಮದ್ಯವನ್ನು ಧಾರಾಳವಾಗಿ ಸುರಿಯಬೇಕೆಂದೂ ತನ್ನ ಲೋಟದಲ್ಲಿ ಮಾತ್ರ ಮದ್ಯದ ಹನಿಯೂ ಇರಕೂಡದೆಂದೂ ಮಾಣಿಗೆ ಮೊದಲೇ ಹೇಳಿಟ್ಟು, ಚೌಕಾಸಿ ಮುಗಿಸಿದನಂತೆ. ಅವನ ಸಹಾಯಕನಾಗಿದ್ದ ಬಾಬ್ ವಾಲ್ ಇದನ್ನು ಹೇಳಿದ್ದಾನೆ. ಕಥೆಯಲ್ಲಿ ಚಾಪ್‌ಮನ್ನನಿದ್ದಾನೆ, ಬೋಲ್ಟನ್ನಿನ ಅಧಿಕಾರಿಗಳಿದ್ದಾರೆ, ಮಾಣಿಯೂ ಇದ್ದಾನೆ. ಬೆಲೆಯ ಮಾತಿನಲ್ಲಿ ಜ್ಯಾಕನಿಗೆ ಮಾತ್ರ ಪಾತ್ರವಿಲ್ಲ.

ಆಟಗಾರರು ಸುಮ್ಮನಿದ್ದರೆಂದು ತಿಳಿಯಬಾರದು. ೧೯೦೭ರ ಡಿಸೆಂಬರಿನಲ್ಲಿ ಬಿಲ್ಲಿ ಮೆರಿಡಿತ್ ಮೊದಲಾದವರು ಮ್ಯಾಂಚೆಸ್ಟರಿನಲ್ಲಿ ಆಟಗಾರರ ಸಂಘವನ್ನು ಕಟ್ಟಿದರು. ಆಸ್ಟನ್ ವಿಲ್ಲಾ ಕ್ಲಬ್ಬು ತನ್ನ ಮೇಲೆ ಹೊರಿಸಿದ ಬೆಲೆಯಿಂದಾಗಿ ತನಗೆ ಬೇರೆಡೆ ಕೆಲಸ ಸಿಗದಂತಾಯಿತೆಂದು ಕಿಂಗಬಿ ಎಂಬಾತನು ಹೂಡಿದ ದಾವೆಗೆ ಸಂಘವು ಬೆಂಬಲವಾಗಿ ನಿಂತಿತು. ವಕೀಲರು ಕ್ಲಬ್ಬಿನ ದುರುದ್ದೇಶವನ್ನು ಸಾಧಿಸಲು ಹೊರಟರೇ ಹೊರತು, ಇಡೀ ಪದ್ಧತಿಯೇ ದುಡಿಮೆಯ ಸ್ವಾತಂತ್ರ್ಯಕ್ಕೆ ಅಡ್ಡಿಯೆಂಬ ವಾದವನ್ನು ಬಲವಾಗಿ ಮುಂದಿಡಲಿಲ್ಲ. ೧೯೧೨ರಲ್ಲಿ ದಾವೆ ಬಿದ್ದುಹೋಯಿತು. ಖರ್ಚಿನ ಭಾರದಿಂದ ಸಂಘವೂ ಕುಸಿಯುವ ಸ್ಥಿತಿಗೆ ಬಂದಿತು. ಮುಂದಿನ ಅರ್ಧ ಶತಮಾನ ಈ ಪದ್ಧತಿಯನ್ನು ನ್ಯಾಯಾಲಯದಲ್ಲಿ ಮುರಿಯಲು ಯಾರಿಂದಲೂ ಆಗಲಿಲ್ಲ.

೪

ಅಷ್ಟರಲ್ಲಿ ಈ ವ್ಯಾಪಾರ ಕಡಲು ದಾಟಿತು. ೧೯೩೨ರಲ್ಲಿ ಅರ್ಜೆಂಟೀನಾದ ರಿವರ್ ಪ್ಲೇಟ್ ಕ್ಲಬ್ಬು ಬೆರ್ನಬೆ ಫೆರೇರಾ ಎಂಬಾತನಿಗೆ ಸುಮಾರು ೨೩,೦೦೦ ಪೌಂಡಿನಷ್ಟು ಹಣವನ್ನು ಕೊಟ್ಟಿತು. ಇಂಥ ಖರೀದಿಗಳಿಂದಲೇ ಆ ಕ್ಲಬ್ಬಿಗೆ ‘ಲಕ್ಷಾಧೀಶರು’ ಎಂಬ ಅಡ್ಡಹೆಸರು ಅಂಟಿತು. ಆ ದಾಖಲೆ ೧೯೪೯ರ ವರೆಗೆ ಮುರಿಯಲಿಲ್ಲ. ಎರಡನೆಯ ಮಹಾಯುದ್ಧದ ಬಳಿಕ ಇಟಲಿಯ ಉದ್ಯಮಪತಿಗಳು ಮುಂದೆ ಬಂದರು. ೧೯೫೨ರಲ್ಲಿ ನೇಪಲ್ಸ್ ನಗರದ ಕ್ಲಬ್ಬು ಸ್ವೀಡನ್ನಿನ ಹ್ಯಾನ್ಸ್ ಯೆಪ್ಸನ್ನನಿಗಾಗಿ ೧೦ ಕೋಟಿ ೫೦ ಲಕ್ಷ ಲೀರಾ ತೆತ್ತಿತು. ಆ ಊರಿನ ಜನ ಅವನನ್ನು ‘ನೇಪಲ್ಸಿನ ಬ್ಯಾಂಕು’ ಎಂದೇ ಕರೆದರು. ಮೈದಾನದಲ್ಲಿ ಅವನು ಮುಗ್ಗರಿಸಿ ಬಿದ್ದಾಗ, ನೇಪಲ್ಸಿನ ಬ್ಯಾಂಕು ಬಿದ್ದುಹೋಯಿತೆಂದು ಪ್ರೇಕ್ಷಕನೊಬ್ಬನು ಕೂಗಿದನೆಂದು ಪ್ರತೀತಿ. ಶತಮಾನಗಳ ಇತಿಹಾಸವಿದ್ದ ನಿಜವಾದ ನೇಪಲ್ಸ್ ಬ್ಯಾಂಕಿನ ಠೇವಣಿದಾರರು ಆ ಕೂಗನ್ನು ಕೇಳಿ ಗಾಬರಿಪಡಲಿಲ್ಲವೆಂದು ನಂಬೋಣ.

ಹಣವೆಲ್ಲ ವ್ಯರ್ಥವಾಯಿತೆಂದು ಹೇಳುವಂತಿಲ್ಲ. ೧೯೫೭ರಲ್ಲಿ ರಿವರ್ ಪ್ಲೇಟ್ ಕ್ಲಬ್ಬು ಒಮರ್ ಸಿವೊರಿಯನ್ನು ಇಟಲಿಯ ಯುವೆಂಟಸ್ಸಿಗೆ ೯೩,೦೦೦ ಪೌಂಡಿನಷ್ಟಕ್ಕೆ ಬಿಟ್ಟುಕೊಟ್ಟಿತು. ಬ್ಯೂನಸ್ ಐರಿಸ್ಸಿನ ತನ್ನ ಕ್ರೀಡಾಂಗಣದ ಅಪೂರ್ಣವಾಗಿದ್ದ ಭಾಗವನ್ನು ಆ ಹಣದಿಂದ ಕಟ್ಟಿ ಮುಗಿಸಿತು. ಆ ಭಾಗಕ್ಕೆ ಸಿವೊರಿಯ ಹೆಸರೇ ಇದೆ. ೧೯೬೧ರಲ್ಲಿ ಬಾರ್ಸಿಲೋನಾ ತನ್ನ ಹೊಸ ಕ್ರೀಡಾಂಗಣದ ಸಾಲದ ಹೊರೆಯಲ್ಲಿದ್ದಾಗ ಲೂಯಿಸ್ ಸ್ವಾರೆಸನನ್ನು ಮಿಲಾನಿನ ಇಂಟರ್ ಕ್ಲಬ್ಬಿಗೆ ೧,೫೨,೦೦೦ ಪೌಂಡಿಗೆ ಕೊಟ್ಟಿತು. ಒಂದು ಲಕ್ಷ ಪೌಂಡಿನ ಗಡಿ ಆಗ ದಾಟಿತು. ಅದೇ ವರ್ಷ ಲಂಡನ್ನಿನ ಟಾಟನ್‌ಹ್ಯಾಮ್ ಕ್ಲಬ್ಬು ಜಿಮ್ಮಿ ಗ್ರೀವ್ಸನಿಗೆ ಕೊಟ್ಟದ್ದು ಸರಿಯಾಗಿ ೯೯,೯೯೯ ಪೌಂಡು. ಲಕ್ಷದ ಆಟಗಾರನೆಂಬ ಹೊರೆ ಅವನ ತಲೆಯ ಮೇಲೆ ಬೀಳದಿರಲೆಂದು ಒಂದು ಪೌಂಡನ್ನು ಕಡಿಮೆ ಮಾಡಿದರಂತೆ. ಬೆಲೆಯು ಆಟಗಾರನ ಮನಸ್ಸಿನ ಮೇಲೆ ಎಂಥ ಭಾರವನ್ನು ಹೊರಿಸುತ್ತಿತ್ತೆಂಬುದಕ್ಕೆ ಆ ಒಂದು ಪೌಂಡು ಸಾಕ್ಷಿ.

೫

ಇಂಗ್ಲೆಂಡಿನಲ್ಲಿ ಮೂಲಗೇಣಿಯ ಕಟ್ಟು ಮುರಿದದ್ದು ಜಾರ್ಜ್ ಈಸ್ಟ್‌ಹ್ಯಾಮನ ಮೊಕದ್ದಮೆಯಿಂದ. ೧೯೬೦ರಲ್ಲಿ ನ್ಯೂಕಾಸಲ್ ಕ್ಲಬ್ಬಿನೊಡನೆ ಅವನ ಕರಾರು ಮುಗಿಯಿತು. ಮರಳಿ ಸಹಿಮಾಡಲು ಅವನು ಒಪ್ಪಲಿಲ್ಲ. ಬಿಟ್ಟುಕೊಡಲು ಕ್ಲಬ್ಬು ಒಪ್ಪಲಿಲ್ಲ. ಸಂಬಳವಿಲ್ಲ, ಬಿಡುಗಡೆಯೂ ಇಲ್ಲ. ಅವನು ಆಟವನ್ನು ಬಿಟ್ಟು ದಕ್ಷಿಣಕ್ಕೆ ಹೋಗಿ, ಬಿರಡೆಯ ತೊಗಟೆ ಮಾರುವ ವ್ಯಾಪಾರದಲ್ಲಿ ಕೆಲವು ತಿಂಗಳು ದುಡಿದನು. ಕೊನೆಗೆ ಕ್ಲಬ್ಬು ಮಣಿದು ಅವನನ್ನು ೪೭,೫೦೦ ಪೌಂಡಿಗೆ ಆರ್ಸೆನಲ್ಲಿಗೆ ವರ್ಗಾಯಿಸಿತು. ಆಗಿನ ಗರಿಷ್ಠ ವೇತನ ವಾರಕ್ಕೆ ೨೦ ಪೌಂಡು. ನಮ್ಮ ಮಾನದಿಂದ ಅಳೆದರೆ ಅದು ನಲವತ್ತೈದು ವರ್ಷಗಳಿಗೂ ಮಿಕ್ಕ ಸಂಬಳ. ಕಾಮನ್ನನ ಕಾಲದ ಐದು, ಜ್ಯಾಕನ ಕಾಲದ ಇಪ್ಪತ್ತನಾಲ್ಕು, ಈಸ್ಟ್‌ಹ್ಯಾಮನ ಕಾಲದ ನಲವತ್ತೈದು: ಈ ಮೂರು ಅಂಕಿಗಳನ್ನು ನೋಡಿದರೆ, ಬೆಳೆಯುತ್ತಿದ್ದುದು ಬರಿಯ ಹಣವಲ್ಲ, ಅನ್ಯಾಯದ ಪ್ರಮಾಣವೂ ಹೌದೆಂಬುದು ಸ್ಪಷ್ಟವಾಗುತ್ತದೆ.

ಬೇಕಾದ ಕ್ಲಬ್ಬು ಸಿಕ್ಕಿದ ಮೇಲೂ ಈಸ್ಟ್‌ಹ್ಯಾಮನು ಆಟಗಾರರ ಸಂಘದ ನೆರವಿನಿಂದ ಮೊಕದ್ದಮೆಯನ್ನು ಮುಂದುವರಿಸಿದ್ದು ಅವನ ದೊಡ್ಡತನ. ಈ ನಡುವೆ, ಜಿಮ್ಮಿ ಹಿಲ್ಲನ ಮುಂದಾಳುತನದಲ್ಲಿ ಸಂಘವು ಮುಷ್ಕರದ ಎಚ್ಚರಿಕೆಯಿತ್ತುದರಿಂದ, ೧೯೬೧ರ ಜನವರಿಯಲ್ಲಿ ಗರಿಷ್ಠ ವೇತನದ ಮಿತಿ ರದ್ದಾಯಿತು. ಜಾನಿ ಹೇನ್ಸ್ ಎಂಬ ಆಟಗಾರನ ವೇತನ ವಾರಕ್ಕೆ ೧೦೦ ಪೌಂಡಿಗೆ ಏರಿತು. ೧೯೬೩ರ ಜುಲೈ ೪ರಂದು ನ್ಯಾಯಮೂರ್ತಿ ವಿಲ್ಬರ್‌ಫೋರ್ಸರು ತೀರ್ಪಿತ್ತರು. ಕರಾರು ಮುಗಿದ ಮೇಲೂ ಆಟಗಾರನನ್ನು ಇಟ್ಟುಕೊಳ್ಳುವ ನಿಯಮವು ವೃತ್ತಿಸ್ವಾತಂತ್ರ್ಯಕ್ಕೆ ನ್ಯಾಯಸಮ್ಮತವಲ್ಲದ ಅಡ್ಡಿಯೆಂದು ಅವರು ನಿರ್ಣಯಿಸಿದರು. ವರ್ಗಾವಣೆ ಶುಲ್ಕವೆಂಬ ಪದ್ಧತಿಯನ್ನೇ ಅವರು ಅಳಿಸಿಹಾಕಲಿಲ್ಲ. ಆದುದರಿಂದ ಹಿಡಿತ ಸಡಿಲವಾಯಿತು, ಬೆಲೆಯ ಚೀಟಿ ಉಳಿಯಿತು. ೧೯೭೫ರಲ್ಲಿ ನೇಪಲ್ಸಿನ ಕ್ಲಬ್ಬು ಜಿಯುಸೆಪ್ಪೆ ಸವೊಲ್ಡಿಗಾಗಿ ಕೊಟ್ಟ ೨೦೦ ಕೋಟಿ ಲೀರಾ ಹತ್ತು ಲಕ್ಷ ಪೌಂಡನ್ನು ಮೀರಿತು. ೧೯೭೯ರ ಫೆಬ್ರುವರಿಯಲ್ಲಿ ಟ್ರೆವರ್ ಫ್ರಾನ್ಸಿಸನ ಮೂಲಕ ಇಂಗ್ಲೆಂಡೂ ಆ ಗಡಿಯನ್ನು ಮುಟ್ಟಿತು.

೬

ಕರಾರು ಮುಗಿದವನಿಗೂ ಬೆಲೆ ಕಟ್ಟಬಹುದೇ ಎಂಬ ಮೂಲ ಪ್ರಶ್ನೆಗೆ ಉತ್ತರ ದೊರೆಯಲು ಇನ್ನೂ ಮೂವತ್ತೆರಡು ವರ್ಷ ಹಿಡಿಯಿತು. ಆ ಪ್ರಶ್ನೆಯನ್ನು ಎತ್ತಿದವನು ಬೆಲ್ಜಿಯಂ ದೇಶದ ಜ್ಯಾನ್ ಮಾರ್ಕ್ ಬಾಸ್ಮನ್. ೧೯೯೦ರ ಜೂನಿನಲ್ಲಿ ಲೀಜ್ ನಗರದ ಕ್ಲಬ್ಬಿನೊಡನೆ ಅವನ ಕರಾರು ಮುಗಿಯಿತು. ಅದುವರೆಗೆ ಅವನ ಮಾಸಿಕ ಮೂಲವೇತನ ೧,೨೦,೦೦೦ ಬೆಲ್ಜಿಯಂ ಫ್ರಾಂಕು. ಹೊಸ ಕರಾರಿನಲ್ಲಿ ಕ್ಲಬ್ಬು ಕೊಡಮಾಡಿದ್ದು ೩೦,೦೦೦. ಅವನು ಒಪ್ಪದಿದ್ದಾಗ, ವರ್ಗಾವಣೆಯ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ೧,೧೭,೪೩,೦೦೦ ಫ್ರಾಂಕುಗಳ ಬೆಲೆಯನ್ನು ನಮೂದಿಸಿತು. ಲೆಕ್ಕ ಹಾಕಿ ನೋಡಿ: ಯಾವನು ತಿಂಗಳಿಗೆ ಮೂವತ್ತು ಸಾವಿರಕ್ಕೆ ಮಾತ್ರ ಯೋಗ್ಯನೆಂದು ಕ್ಲಬ್ಬು ಹೇಳಿತೋ, ಅವನು ಹೊರಹೋಗಬೇಕಾದರೆ ಆ ದರದ ಮೂವತ್ತೆರಡೂವರೆ ವರ್ಷಗಳ ಸಂಬಳಕ್ಕೆ ಸಮನಾದ ಹಣವನ್ನು ಬೇರೆಯವರು ತೆರಬೇಕಾಗಿತ್ತು. ಒಂದೇ ಕ್ಲಬ್ಬು, ಒಂದೇ ಆಟಗಾರ. ಸಂಬಳದ ಪುಟದಲ್ಲಿ ಒಂದು ತೂಕ, ಮಾರಾಟದ ಪುಟದಲ್ಲಿ ಇನ್ನೊಂದು ತೂಕ.

ಫ್ರಾನ್ಸಿನ ಡಂಕರ್ಕ್ ಕ್ಲಬ್ಬು ಅವನನ್ನು ಕರೆದುಕೊಳ್ಳಲು ಮುಂದೆ ಬಂದಿತು. ಆದರೆ ಆ ಕ್ಲಬ್ಬಿನ ಆರ್ಥಿಕ ಶಕ್ತಿಯನ್ನು ಸಂದೇಹಿಸಿ ಲೀಜಿನವರು ಬಿಡುಗಡೆ ಪತ್ರಕ್ಕೆ ಕೋರಿಕೆಯನ್ನೇ ಸಲ್ಲಿಸಲಿಲ್ಲ. ಐದು ವರ್ಷಗಳ ವ್ಯಾಜ್ಯದ ಬಳಿಕ, ೧೯೯೫ರ ಡಿಸೆಂಬರ್ ೧೫ರಂದು, ಲಕ್ಸೆಂಬರ್ಗಿನ ಐರೋಪ್ಯ ನ್ಯಾಯಾಲಯವು ತೀರ್ಪಿತ್ತಿತು: ಐರೋಪ್ಯ ಒಕ್ಕೂಟದ ಪ್ರಜೆಯಾದ ಆಟಗಾರನ ಕರಾರು ಮುಗಿದ ಮೇಲೆ, ಅವನು ಒಕ್ಕೂಟದ ಇನ್ನೊಂದು ದೇಶದ ಕ್ಲಬ್ಬಿಗೆ ಹೋಗುವುದಕ್ಕೆ ಶುಲ್ಕವನ್ನು ಕೇಳಕೂಡದು. ಬಾಸ್ಮನ್ನನ ಆಟದ ಉತ್ತಮ ವರ್ಷಗಳು ವ್ಯಾಜ್ಯದಲ್ಲಿಯೇ ಕಳೆದುಹೋಗಿದ್ದವು. ಅವನು ನೆಟ್ಟ ಮರದ ಹಣ್ಣನ್ನು ತಿಂದವರು ಬೇರೆಯವರು.

ಇನ್ನು ಮೇಲೆ ಶುಲ್ಕ ಇಳಿಯುವುದೆಂದೇ ಆಗ ಹಲವರು ಎಣಿಸಿದರು. ನಡೆದದ್ದು ತದ್ವಿರುದ್ಧ. ೧೯೯೬ರಲ್ಲಿ ಅಲನ್ ಷಿಯರರನಿಗೆ ೧ ಕೋಟಿ ೫೦ ಲಕ್ಷ ಪೌಂಡು, ೨೦೦೧ರಲ್ಲಿ ಜಿನೆದಿನ್ ಜಿದಾನನಿಗೆ ೭ ಕೋಟಿ ಯೂರೋಗಳಿಗೂ ಮಿಗಿಲು, ೨೦೦೯ರಲ್ಲಿ ಕ್ರಿಸ್ಟಿಯಾನೊ ರೊನಾಲ್ಡೊನಿಗೆ ೮ ಕೋಟಿ ಪೌಂಡು, ೨೦೧೬ರಲ್ಲಿ ಪಾಲ್ ಪೋಗ್ಬಾನಿಗೆ ೧೦ ಕೋಟಿ ೫೦ ಲಕ್ಷ ಯೂರೋ, ಮರುವರ್ಷವೇ ನೇಮಾರನಿಗೆ ಅದರ ಎರಡರಷ್ಟಕ್ಕಿಂತ ಹೆಚ್ಚು. ಈ ವೈಪರೀತ್ಯಕ್ಕೆ ಮೂರು ಕಾರಣಗಳನ್ನು ಕಾಣಬಹುದು.

ಮೊದಲನೆಯದು ಹಕ್ಕಿನ ಸ್ವರೂಪ. ಬಾಸ್ಮನ್ ತೀರ್ಪಿನಿಂದ ಕ್ಲಬ್ಬಿನ ಮೂಲಗೇಣಿಯು ಚಾಲಗೇಣಿಯಾಯಿತು. ಆ ಬಳಿಕ ಮಾರಾಟಕ್ಕಿರುವುದು ಕರಾರಿನಲ್ಲಿ ಉಳಿದಿರುವ ಕಾಲವೊಂದೇ. ಉಳಿದ ಕಾಲ ನಾಲ್ಕು ವರ್ಷವಾದರೆ ಬೆಲೆ ಹೆಚ್ಚು, ಒಂದು ವರ್ಷವಾದರೆ ಕಡಿಮೆ, ಮುಗಿದಿದ್ದರೆ ಸೊನ್ನೆ. ಪ್ಯಾರಿಸ್ಸಿನವರು ೧೮ ಕೋಟಿ ಯೂರೋಗಳ ಒಪ್ಪಂದದಿಂದ ತಂದ ಕಿಲಿಯನ್ ಎಂಬಾಪೆ, ೨೦೨೪ರಲ್ಲಿ ಕರಾರು ಮುಗಿಸಿಕೊಂಡು ಒಂದು ಯೂರೋ ಶುಲ್ಕವೂ ಇಲ್ಲದೆ ಮ್ಯಾಡ್ರಿಡ್ಡಿಗೆ ಹೋದನು. ಹೀಗಾಗದಂತೆ ಕ್ಲಬ್ಬುಗಳು ದೀರ್ಘಕಾಲದ ಕರಾರುಗಳಿಗೆ ಆತುರಪಡುತ್ತವೆ. ಅದಕ್ಕೆ ಒಪ್ಪಿಸಲು ಆಟಗಾರನಿಗೆ ದೊಡ್ಡ ಸಂಬಳ ಕೊಡಬೇಕು. ಅವಧಿಯ ನಡುವೆ ಅವನನ್ನು ಬಿಡಿಸಿಕೊಳ್ಳುವವನು ಅಷ್ಟೇ ದೊಡ್ಡ ಬೆಲೆ ಕೊಡಬೇಕು. ಸ್ಪೇನ್ ದೇಶದ ೧೯೮೫ರ ಕಾನೂನಿನ ಮೇರೆಗೆ ಆಟಗಾರನು ಪರಿಹಾರ ತೆತ್ತು ಕರಾರನ್ನು ಮುರಿಯಬಹುದು. ಆದುದರಿಂದ ಅಲ್ಲಿ ಕರಾರಿನಲ್ಲಿಯೇ ಬಿಡುಗಡೆಯ ಮೊತ್ತವನ್ನು ಬರೆಯುವ ವಾಡಿಕೆ. ನೇಮಾರನ ೨೨ ಕೋಟಿ ೨೦ ಲಕ್ಷವು ಅಂಥ ಮೊತ್ತ. ಯಾರೂ ಕೊಡಲಾರರೆಂದು ಬರೆದಿಟ್ಟದ್ದನ್ನು ಒಬ್ಬರು ಕೊಟ್ಟೇಬಿಟ್ಟರು.

ಎರಡನೆಯದು ಹಣದ ಮೂಲ. ಕಾಮನ್ನನ ಕಾಲದಲ್ಲಿ ಕ್ಲ‌ಬ್ಬಿನ ಆದಾಯವೆಂದರೆ ಬಾಗಿಲಲ್ಲಿ ಮಾರುವ ಟಿಕೆಟ್ಟು. ೧೯೯೨ರಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗು ಹುಟ್ಟಿದಾಗ ಅದರ ಮೊದಲ ದೂರದರ್ಶನ ಒಪ್ಪಂದ ಐದು ವರ್ಷಕ್ಕೆ ೩೦ ಕೋಟಿ ೪೦ ಲಕ್ಷ ಪೌಂಡಿನದೆಂದು ಪ್ರಸಿದ್ಧವಾಗಿದೆ. ೨೦೧೬ರಿಂದ ಮೂರು ವರ್ಷಗಳಿಗೆ ಸ್ವದೇಶದ ಪ್ರಸಾರ ಹಕ್ಕೇ ೫೧೩ ಕೋಟಿ ಪೌಂಡಿಗೆ ಹೋಯಿತು. ವರ್ಷದ ಲೆಕ್ಕದಲ್ಲಿ ಇದು ಇಪ್ಪತ್ತೆಂಟು ಪಟ್ಟು. ಅದೇ ೧೯೯೨ರಲ್ಲಿ ಷಿಯರರ್ ಸೌತಾಂಪ್ಟನ್ನಿನಿಂದ ಬ್ಲ್ಯಾಕ್‌ಬರ್ನಿಗೆ ಹೋದಾಗ ಶುಲ್ಕ ಸುಮಾರು ೩೫ ಲಕ್ಷ ಪೌಂಡು. ೨೦೧೬ರಲ್ಲಿ ಪೋಗ್ಬಾನ ಶುಲ್ಕ ೮ ಕೋಟಿ ೯೦ ಲಕ್ಷ ಪೌಂಡು. ಇದು ಇಪ್ಪತ್ತೈದು ಪಟ್ಟು. ಎರಡು ಏರಿಕೆಗಳೂ ಜೊತೆಜೊತೆಯಾಗಿ ನಡೆದಿವೆ. ಹುಚ್ಚಿನಂತೆ ಕಾಣುವ ಬೆಲೆಯ ಹಿಂದೆ ಆದಾಯದ ಲೆಕ್ಕಾಚಾರವಿದೆ. ಅದರ ಮೇಲೆ, ಲಾಭವನ್ನು ಮುಖ್ಯವಾಗಿ ಬಯಸದ ಒಡೆಯರೂ ಬಂದರು: ೨೦೦೩ರಲ್ಲಿ ಚೆಲ್ಸಿಯನ್ನು ರಷ್ಯದ ರೋಮನ್ ಅಬ್ರಮೋವಿಚ್ ಕೊಂಡನು, ೨೦೦೮ರಲ್ಲಿ ಮ್ಯಾಂಚೆಸ್ಟರ್ ಸಿಟಿ ಅಬುಧಾಬಿಯವರ ಪಾಲಾಯಿತು, ೨೦೧೧ರಲ್ಲಿ ಪ್ಯಾರಿಸ್ಸಿನ ಕ್ಲಬ್ಬು ಕತಾರಿನವರ ಕೈ ಸೇರಿತು.

ಮೂರನೆಯದು ಲೆಕ್ಕ ಬರೆಯುವ ರೀತಿ. ಇದು ಹೊರಗಿನವರ ಕಣ್ಣಿಗೆ ಬೀಳುವುದು ಕಡಿಮೆ. ಕೊಂಡ ಆಟಗಾರನ ನೋಂದಣಿಯನ್ನು ಕ್ಲಬ್ಬುಗಳು ತಮ್ಮ ಅಢಾವೆ ಪತ್ರಿಕೆಯಲ್ಲಿ ಆಸ್ತಿಯೆಂದು ಬರೆದುಕೊಂಡು, ಶುಲ್ಕವನ್ನು ಕರಾರಿನ ಅವಧಿಗೆ ಹಂಚಿ ಸವಕಳಿ ಹಾಕುತ್ತವೆ. ೧೦ ಕೋಟಿ ಪೌಂಡಿಗೆ ಕೊಂಡವನ ಕರಾರು ಐದು ವರ್ಷದ್ದಾದರೆ ವರ್ಷದ ಖರ್ಚು ೨ ಕೋಟಿ. ಎಂಟು ವರ್ಷದ್ದಾದರೆ ೧ ಕೋಟಿ ೨೫ ಲಕ್ಷ. ಕಾಗದದ ಮೇಲೆ ಬೆಲೆ ಕುಗ್ಗಿ ಕಾಣಿಸುತ್ತದೆ. ೨೦೨೩ರ ಜನವರಿಯಲ್ಲಿ ಚೆಲ್ಸಿಯು ಉಕ್ರೇನಿನ ಮಿಖೈಲೊ ಮುದ್ರಿಕನಿಗೆ ಎಂಟೂವರೆ ವರ್ಷಗಳ ಕರಾರನ್ನು ಕೊಟ್ಟಿತು. ಅದೇ ವರ್ಷ ಐರೋಪ್ಯ ಆಡಳಿತ ಸಂಸ್ಥೆಯೂ ಪ್ರೀಮಿಯರ್ ಲೀಗೂ ಈ ಹಂಚಿಕೆಗೆ ಐದು ವರ್ಷಗಳ ಮಿತಿಯನ್ನು ಹಾಕಿದವು. ಇದರ ಇನ್ನೊಂದು ಮುಖ ಹೆಚ್ಚು ವಿಚಾರಾರ್ಹ. ಕ್ಲಬ್ಬು ತಾನೇ ಬಾಲ್ಯದಿಂದ ಬೆಳೆಸಿದ ಆಟಗಾರನಿಗೆ ಕೊಂಡ ಬೆಲೆಯಿಲ್ಲ; ಆದುದರಿಂದ ಪುಸ್ತಕದಲ್ಲಿ ಅವನ ಮೌಲ್ಯ ಸೊನ್ನೆ. ಅವನನ್ನು ಮಾರಿದರೆ ಬಂದುದೆಲ್ಲ ಆ ವರ್ಷದ ಲಾಭ. ಹೀಗೆ ಲೆಕ್ಕದ ನಿಯಮವೇ ಮನೆಯ ಮಗನನ್ನು ಮೊದಲು ಮಾರುವಂತೆ ಪ್ರೇರೇಪಿಸುತ್ತದೆ. ಲೆಕ್ಕಪತ್ರ ತಪ್ಪಿಲ್ಲದೆ ಇರಬಹುದು. ತಪ್ಪಿಲ್ಲದ ಲೆಕ್ಕವೆಲ್ಲ ವಿವೇಕವಾಗದು.

೭

ಇಷ್ಟು ಹೇಳಿದ ಮೇಲೆ, ವರ್ಗಾವಣೆ ಶುಲ್ಕವು ಕೇವಲ ಅನಿಷ್ಟವೆಂದು ತೀರ್ಮಾನಿಸಿದರೆ ಅರ್ಧಸತ್ಯವನ್ನು ಹೇಳಿದಂತಾಗುತ್ತದೆ. ಸಣ್ಣ ಊರಿನ ಬಡ ಕ್ಲಬ್ಬು ಒಬ್ಬ ಹುಡುಗನನ್ನು ಹನ್ನೆರಡನೆಯ ವಯಸ್ಸಿನಿಂದ ತಿದ್ದಿ ಬೆಳೆಸುತ್ತದೆ. ಅವನು ದೊಡ್ಡವನಾಗಿ ಹೊರಟುಹೋದಾಗ ಅದಕ್ಕೆ ಏನೂ ಸಲ್ಲಬಾರದೇ? ಬಾಸ್ಮನ್ ಮೊಕದ್ದಮೆಯಲ್ಲಿ ಶುಲ್ಕದ ಪರವಾಗಿ ಮುಂದಿಟ್ಟ ಬಲವಾದ ವಾದವೇ ಇದು. ಕಿರಿಯರನ್ನು ಬೆಳೆಸುವುದು ಒಳ್ಳೆಯ ಗುರಿಯೆಂದು ನ್ಯಾಯಾಲಯ ಒಪ್ಪಿತು; ಆದರೆ ಆ ಗುರಿಗಾಗಿ ಮನುಷ್ಯನ ಚಲನೆಯನ್ನು ತಡೆಯಬೇಕಾಗಿಲ್ಲವೆಂದಿತು. ಇದರ ಫಲವಾಗಿ ೨೦೦೧ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯಾದ ಫಿಫಾ ಹೊಸ ನಿಯಮಗಳನ್ನು ರಚಿಸಿತು. ಕರಾರಿನ ಅವಧಿಯಲ್ಲಿ ದೇಶದಿಂದ ದೇಶಕ್ಕೆ ನಡೆಯುವ ವರ್ಗಾವಣೆಯ ಶುಲ್ಕದಲ್ಲಿ ಶೇಕಡ ೫ ಭಾಗವನ್ನು, ಆ ಆಟಗಾರನು ಹನ್ನೆರಡರಿಂದ ಇಪ್ಪತ್ಮೂರರ ವಯಸ್ಸಿನವರೆಗೆ ಆಡಿ ಬೆಳೆದ ಕ್ಲಬ್ಬುಗಳಿಗೆ ಹಂಚಬೇಕು. ೧ ಕೋಟಿ ಯೂರೋಗಳ ವ್ಯವಹಾರದಲ್ಲಿ ೫ ಲಕ್ಷ. ಹನ್ನೆರಡರಿಂದ ಹದಿನೈದರ ವರೆಗಿನ ಒಂದೊಂದು ವರ್ಷಕ್ಕೆ ಸಲ್ಲುವುದು ಅದರಲ್ಲಿ ೨೫,೦೦೦. ಆ ಮೇಲಿನ ಒಂದೊಂದು ವರ್ಷಕ್ಕೆ ೫೦,೦೦೦. ದೊಡ್ಡ ಕ್ಲಬ್ಬಿಗೆ ಇದು ಚಿಲ್ಲರೆ. ಹಳ್ಳಿಯ ಮೈದಾನಕ್ಕೆ ಇದು ಹಲವು ವರ್ಷಗಳ ಚೆಂಡು, ಪಾದರಕ್ಷೆ, ಬೇಲಿ.

ಊರು ಬಿಟ್ಟು ಬಂದ ನಮಗೆ ಈ ಮಾತಿನ ಅರ್ಥ ಸುಲಭವಾಗಿ ತಿಳಿಯುತ್ತದೆ. ಬೆಂಗಳೂರಿನ ಅಹಮದ್ ಖಾನ್ ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತಕ್ಕಾಗಿ ಆಡಿದರು. ಅನಂತರ ಕಲಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇ ಇವರೊಡನೆ ಸೇರಿ ‘ಪಂಚಪಾಂಡವ’ರೆಂದು ಹೆಸರಾದರು. ನಮ್ಮ ದೇಶದ ಆಟ ಆಗ ಹವ್ಯಾಸಿಗಳದೆಂದೇ ಎಣಿಕೆ. ವರ್ಗಾವಣೆ ಶುಲ್ಕವೆಂಬ ಮಾತಿರಲಿಲ್ಲ. ಕಲಕತ್ತೆಗೆ ಕೀರ್ತಿ ಸಂದಿತು. ಅವರನ್ನು ಬೆಳೆಸಿದ ಬೆಂಗಳೂರಿನ ಮೈದಾನಗಳಿಗೆ ನೆನಪು ಉಳಿಯಿತು. ಶುಲ್ಕವಿದ್ದಲ್ಲಿ ಆಟಗಾರನ ಸ್ವಾತಂತ್ರ್ಯದ ಪ್ರಶ್ನೆ ಏಳುತ್ತದೆ. ಶುಲ್ಕವೇ ಇಲ್ಲದಲ್ಲಿ ತವರಿನ ಋಣದ ಪ್ರಶ್ನೆ ಉಳಿಯುತ್ತದೆ.

ವ್ಯಾಜ್ಯ ಮುಗಿದಿಲ್ಲ. ಫ್ರಾನ್ಸಿನ ಲಸ್ಸಾನ ದಿಯಾರಾ ಎಂಬ ಆಟಗಾರನ ಮಾಸ್ಕೋ ಕ್ಲಬ್ಬಿನೊಡನೆಯ ಕರಾರು ೨೦೧೪ರಲ್ಲಿ ಮುರಿದುಬಿದ್ದಿತು. ಅವನು ೧ ಕೋಟಿ ೫ ಲಕ್ಷ ಯೂರೋಗಳ ಪರಿಹಾರ ಕೊಡಬೇಕೆಂದು ಫಿಫಾ ಆಜ್ಞಾಪಿಸಿತು. ಅವನನ್ನು ಕರೆದುಕೊಳ್ಳುವ ಹೊಸ ಕ್ಲಬ್ಬೂ ಆ ಹಣಕ್ಕೆ ಹೊಣೆಯಾಗಬೇಕಿದ್ದುದರಿಂದ ಬೆಲ್ಜಿಯಂನ ಶಾರ್ಲೆರುವಾ ಕ್ಲಬ್ಬು ಹಿಂಜರಿಯಿತು. ೨೦೨೪ರ ಅಕ್ಟೋಬರ್ ೪ರಂದು ಐರೋಪ್ಯ ನ್ಯಾಯಾಲಯವು ಆ ನಿಯಮಗಳನ್ನು ಒಕ್ಕೂಟದ ಕಾನೂನಿಗೆ ವಿರುದ್ಧವೆಂದಿತು. ಕರಾರಿನ ನಡುವೆಯೂ ಆಟಗಾರನನ್ನು ಎಷ್ಟರ ಮಟ್ಟಿಗೆ ಕಟ್ಟಿಹಾಕಬಹುದೆಂಬ ಪ್ರಶ್ನೆ ಈಗ ತೆರೆದುಕೊಂಡಿದೆ. ೧೯೬೩ರಲ್ಲಿ ಸಡಿಲವಾದ, ೧೯೯೫ರಲ್ಲಿ ಬಿಚ್ಚಿದ ಗಂಟಿನ ಮೂರನೆಯ ಸುತ್ತು ಇದು.

ಈ ಚರಿತ್ರೆಯಿಂದ ಒಂದು ವಿಷಯ ನಿಶ್ಚಿತವಾಗುತ್ತದೆ. ಬೆಲೆಯ ಅಗಾಧತೆಯನ್ನು ಮಾತ್ರ ನೋಡಿ ಯುಗಯುಗಗಳ ನೀತಿಯನ್ನು ತೂಗಲಾಗದು. ಸಾವಿರ ಪೌಂಡಿನ ಕಾಮನ್ನನಿಗೆ ಧಣಿಯ ಒಪ್ಪಿಗೆಯಿಲ್ಲದೆ ಬಾಗಿಲು ತೆರೆಯುತ್ತಿರಲಿಲ್ಲ. ಹದಿನೆಂಟು ಕೋಟಿಯ ಎಂಬಾಪೆ ಕರಾರು ಮುಗಿದ ದಿನ ತಾನಾಗಿ ಎದ್ದು ಹೋದನು. ಕೇಳಬೇಕಾದ ಪ್ರಶ್ನೆಗಳು ಮೂರು. ದುಡಿಯುವವನು ಅವಧಿ ತೀರಿದ ಮೇಲೆ ಸ್ವತಂತ್ರನೇ? ಅವನ ಹೆಸರಿನಲ್ಲಿ ಕೈ ಬದಲಾಯಿಸುವ ಹಣದಲ್ಲಿ ಅವನಿಗೆ ನ್ಯಾಯವಾದ ಪಾಲುಂಟೇ? ಅವನನ್ನು ಬೆಳೆಸಿದ ನೆಲಕ್ಕೆ ಅದರ ಋಣ ಸಂದಿತೇ? ಮೊದಲಿನ ಎರಡಕ್ಕೆ ನ್ಯಾಯಾಲಯಗಳೂ ಆಟಗಾರರ ಸಂಘಗಳೂ ಶತಮಾನವಿಡೀ ಹೋರಾಡಿ ಬಹುಮಟ್ಟಿಗೆ ಉತ್ತರ ಪಡೆದಿವೆ. ಮೂರನೆಯದಕ್ಕೆ ಸದ್ಯಕ್ಕೆ ದೊರೆತಿರುವ ಉತ್ತರ ನೂರಕ್ಕೆ ಐದು.